ಹದಿನೆಂಟನೇ ನಂಬರಿನ ಸೂಜಿ

ಗಿರಿಯಪ್ಪ ಕೇಳಿದ್ದು ನಮ್ಮ ಹೊಲಿಗೆ ಮಷಿನ್ನಿಗೆ ಎಷ್ಟು ವರ್ಷವಾಯಿತು ಎಂದು. ಆಯಿ ಹೇಳಿದ್ದು ನನ್ನ ವಯಸ್ಸು.

ಅರವತ್ನಾಲ್ಕನೇ ಇಸವಿ, ಸಂಕ್ರಾಂತಿ ಕಳೆದು ನಾಲ್ಕು ದಿನವಾಗಿತ್ತು. ಗರಗದಿಂದ ಗಂಡಿನ ಕಡೆಯವರು ಯಾರಾದರೂ ಬಂದು ಹೋಗಬಹುದು ಎಂದು ಅಣ್ಣ ಸೋಮಪ್ಪ ಬೆಳಿಗ್ಗೆಯೇ ಹೇಳಿ ಕಚೇರಿಗೆ ಹೊರಟಿದ್ದ. ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯ ಮಷಿನ್ ರಿಪೇರಿಯ ಗಿರಿಯಪ್ಪನಿಗೂ ಅವನು ಅದೇ ದಿನ ಬರಲು ಹೇಳಿದ್ದ. ಅದನ್ನು ಮಾತ್ರ ನಮಗೆ ಹೇಳಲು ಮರೆತಿದ್ದ. ಹೀಗಾಗಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಚರ್ಮದ ಚೀಲ ಹಿಡಿದ ಎತ್ತರದ ಮನುಷ್ಯನೊಬ್ಬ ಬೆಂಗೇರಿಯ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಾಗ, ನಮ್ಮಪ್ಪನ ತಾಯಿ ಗುಡ್ಡವ್ವ ಆಯಿ ಜಮಖಾನೆ ಹಾಸಿ, ಅವಲಕ್ಕಿ ಕೊಟ್ಟು ಕೂರಿಸಿದಳು. ನಾನು ಒಳಬಾಗಿಲ ಹಿಂದೆ ನಿಂತು ಹೊಸ ಸೀರೆಯ ಸೆರಗನ್ನು ಸಿಟ್ಟಿನಿಂದ ಹಿಂಡುತ್ತಿದ್ದೆ.

ನಮ್ಮ ಕಡೆ ಮದುವೆಯಾಗದ ಹುಡುಗಿಯನ್ನು ಮನೆಯವರು ‘ಅದು’ ಎನ್ನುತ್ತಾರೆ. ಮಷಿನ್ನೂ ‘ಅದು’. ಅನಾಹುತಕ್ಕೆ ಅಷ್ಟೇ ಸಾಕಾಯಿತು.

“ಎಷ್ಟ ವರ್ಷದ್ದೈತ್ರಿ?” ಎಂದ ಅವನು.

“ಈ ಶ್ರಾವಣಕ್ಕ ಇಪ್ಪತ್ತೆರಡು ತುಂಬತಾವಪಾ.”

“ಹಂಗಾರ ಭಾಳ ಹಳೇದೇನಲ್ಲ ಬಿಡ್ರಿ. ಮೊದಲ ಯಾರರೆ ಬಂದು ನೋಡ್ಯಾರೇನ್ರಿ?”

“ಇಬ್ಬರು ನೋಡಿ ಹೋದರು. ತಿರುಗಿ ಬರಲಿಲ್ಲ. ಆವಾಜು ಜರಾ ಜಾಸ್ತಿ, ನೋಡು.”

“ಆವಾಜಿಗೆ ಅಂಜಬ್ಯಾಡ್ರಿ. ಎಣ್ಣಿ ಕಡಿಮಿ ಆಗಿರತೈತಿ. ಹಚ್ಚತೀರೇನ್ರಿ?”

“ಶನಿವಾರಕ್ಕೊಮ್ಮೆ ತಲಿತುಂಬ ಹಚ್ಚತೇನಿ.”

“ತಲೀಗಷ್ಟ ಹಚ್ಚಿದರ ಸಾಲೂದಿಲ್ಲ ಆಯಿ. ಕಾಲಿನ ಕೀಲಿಗೂ ಬಿಡಬೇಕು.”

ಮದುವೆಗೆ ಮೊದಲೇ ಹೆಣ್ಣಿನ ಕಾಲಿನ ಕೀಲಿನ ಚಿಂತೆ ಮಾಡುವ ಗಂಡನ್ನು ಆಯಿ ತನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ಅವನ ತಟ್ಟೆಗೆ ಇನ್ನೊಂದು ಹಿಡಿ ಅವಲಕ್ಕಿ ಸುರಿದಳು. ಅಷ್ಟರಲ್ಲಿ ಅವನ ಮನೆತನ, ತಾಯಿಯ ತವರು ಎಲ್ಲವನ್ನೂ ವಿಚಾರಿಸಿ ಮುಗಿಸಿದ್ದಳು. ಅವನು ನಮ್ಮವರ ಪೈಕಿಯೇ, ಅವನ ತಾಯಿಯ ಊರು ಆಯಿಯ ತವರಿನಿಂದ ಒಂದು ಹಳ್ಳ ದಾಟಿದರೆ ಸಿಗುವಂಥದ್ದು. ಕೊನೆಗೆ ಅವನು ತಟ್ಟೆ ಕೆಳಗಿಟ್ಟು, ಅದನ್ನು ಹೊರಗೆ ತರಿಸಿರಿ, ಬೆಳಕಿನಲ್ಲಿ ನೋಡುತ್ತೇನೆ ಎಂದ. ಕೇಳಿದ್ದು ಸಾಕಾಗಿ ನಾನೇ ಹೊರಗೆ ಬಂದೆ.

“ಇಪ್ಪತ್ತೆರಡು ತುಂಬೂದು ನನಗ್ರಿ,” ಎಂದೆ. “ಮಷಿನ್ ಒಳಗ ಐತಿ.”

ಅವನು ನನ್ನ ಮುಖ ನೋಡಿದ. ಆಮೇಲೆ ಅವಲಕ್ಕಿಯ ತಟ್ಟೆ ನೋಡಿದ. ತಿಂದದ್ದನ್ನು ತಿರುಗಿ ಕೊಡಲು ಸಾಧ್ಯವಿದ್ದರೆ ಕೊಟ್ಟೇಬಿಡುತ್ತಿದ್ದ. ಕಿವಿ ಮೊದಲು ಕೆಂಪಾಯಿತು, ಆಮೇಲೆ ಕುತ್ತಿಗೆ. ನನ್ನನ್ನು ಇನ್ನೊಮ್ಮೆ ನೋಡಬಾರದೆಂದು ಗೋಡೆಯ ಕಡೆ ತಿರುಗಿದವನು ಅರೆಕ್ಷಣದಲ್ಲಿ ಮತ್ತೆ ನೋಡಿದ. ಆ ಎರಡನೇ ನೋಟ ಮಷಿನ್ ರಿಪೇರಿಯವನದಲ್ಲ ಎಂದು ನನಗೆ ಆಗಲೇ ಅನಿಸಿತ್ತು. ಅನಿಸಿದ್ದೇ ತಪ್ಪಾಯಿತು, ಮುಂದಿನ ಮೂರು ತಿಂಗಳು ನಾನು ಪಟ್ಟ ಪಾಡೆಲ್ಲ ಅದರಿಂದಲೇ.

ಪಾಡು ಒಂದು ಕೌದಿಯದು. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ ಹೊಲಿಯುವ ಹೊದಿಕೆ ಅದು. ಹೆಣ್ಣು ಗಂಡನ ಮನೆಗೆ ಹೋಗುವಾಗ ತವರಿನ ಕೌದಿ ಜೊತೆಗೆ ಹೋಗಲೇಬೇಕು ಎನ್ನುವುದು ನಮ್ಮ ಮನೆಯ ಪದ್ಧತಿ. ಕೌದಿ ಮುಗಿಯುವ ತನಕ ಮದುವೆ ಮಾತು ಪಕ್ಕಾ ಮಾಡಬಾರದು ಎನ್ನುವುದು ಆಯಿಯ ಹಟ. ಗರಗದ ಗಂಡು ಸಾಲಿ ಮಾಸ್ತರ. ಆ ದಿನ ಬಾರದ ಗರಗದವರು ಆಮೇಲೆ ಕಳಿಸಿದ ಫೋಟೋದಲ್ಲಿ ಒಳ್ಳೆಯವನಂತೆ ಕಂಡ. ಬೇಡ ಎನ್ನಲು ನನ್ನ ಹತ್ತಿರ ಕಾರಣವಿರಲಿಲ್ಲ, ಹೂಂ ಎನ್ನಲು ಮನಸ್ಸೂ ಇರಲಿಲ್ಲ. ಅವಸರವೆಲ್ಲ ಅಣ್ಣನದು. ಅವನಿಗೆ ಗೊತ್ತುಮಾಡಿದ ಹುಡುಗಿ ನವಲಗುಂದದಲ್ಲಿ ಕಾಯುತ್ತಿದ್ದಳು, ತಂಗಿಯ ಮದುವೆಯಾಗದೆ ಅವನದು ಆಗುವಂತಿರಲಿಲ್ಲ. ಕೈಯಲ್ಲಿ ಹೊಲಿದರೆ ಯುಗಾದಿ ಬಂದೀತು, ಮಷಿನ್ನಿನಲ್ಲಿ ಹದಿನೈದು ದಿನದಲ್ಲಿ ಮುಗಿಸು ಎಂದು ಗಂಟುಬಿದ್ದ.

ನಾನೂ ಸೊಕ್ಕಿನಿಂದ ಒಪ್ಪಿಕೊಂಡೆ. ಧಾರವಾಡದ ಹೆಣ್ಣುಮಕ್ಕಳ ಹೊಲಿಗೆ ಕ್ಲಾಸಿನಲ್ಲಿ ಆರು ತಿಂಗಳು ಮಷಿನ್ ಕಸೂತಿ ಕಲಿತವಳು ನಾನು. ಬಟ್ಟೆ ಒತ್ತುವ ಪಾದವನ್ನು ಬಿಚ್ಚಿ, ಕೆಳಗೆ ಬಟ್ಟೆ ಎಳೆಯುವ ಹಲ್ಲಿನ ಮೇಲೆ ತಗಡು ಮುಚ್ಚಿಬಿಟ್ಟರೆ ಸೂಜಿ ನಿಂತಲ್ಲೇ ಕುಣಿಯುತ್ತದೆ. ಬಟ್ಟೆಯನ್ನು ಎರಡೂ ಕೈಯಿಂದ ಬೇಕಾದತ್ತ ಸರಿಸುತ್ತ ಹೋದರೆ ಹೂವು, ಬಳ್ಳಿ, ಏನು ಬೇಕಾದರೂ ಬರೆಯಬಹುದು. ಆಯಿಯ ಹಾಗೆ ನೆಟ್ಟಗೆ ಗೆರೆ ಎಳೆಯುವುದೇಕೆ, ಕೌದಿಯ ತುಂಬ ಒಂದೇ ಬಳ್ಳಿ ಹರಿಸುತ್ತೇನೆ ಎಂದು ಜಂಬ ಕೊಚ್ಚಿದೆ. ಕರವಸ್ತ್ರದ ಮೇಲೆ ಹರಿದ ಬಳ್ಳಿ ಐದು ಪದರದ ಕೌದಿಯ ಮೇಲೆ ಹರಿಯಲಿಲ್ಲ. ಎರಡು ಹೊಲಿಗೆ ಬಿದ್ದರೆ ಮೂರು ಬಿಡುತ್ತಿತ್ತು. ಮಗುಚಿ ನೋಡಿದರೆ ಅಡಿಯಲ್ಲಿ ದಾರದ ಗೂಡು. ಸೂಜಿ ಪಟ್ಟನೆ ಮುರಿದು ಒಮ್ಮೆ ನನ್ನ ಹಣೆಗೇ ಸಿಡಿಯಿತು.

ಗಿರಿಯಪ್ಪ ಆ ಮೊದಲ ದಿನ ಮಷಿನ್ನಿನ ಮುಂದೆ ಕುಳಿತು ನನ್ನ ತಪ್ಪುಗಳನ್ನು ಒಂದೊಂದಾಗಿ ಎತ್ತಿ ತೋರಿಸಿದ. ಬಹಳ ಮೆತ್ತಗೆ, ಬಹಳ ಮರ್ಯಾದೆಯಿಂದ, ಮೈ ಉರಿಯುವ ಹಾಗೆ. ಹನ್ನೊಂದನೇ ನಂಬರಿನ ಸೂಜಿ ತೆಳ್ಳನೆಯ ಮಲ್ಲಿನ ಬಟ್ಟೆಗೆ ಸರಿ, ಕೌದಿಗೆ ಅದು ಬಾಗುತ್ತದೆ, ಬಾಗಿದ ಸೂಜಿಯ ದಾರ ಕೆಳಗಿನ ಕೊಕ್ಕೆಗೆ ಸಿಗುವುದಿಲ್ಲ, ಹೊಲಿಗೆ ಬಿಡುವುದು ಅದಕ್ಕೇ. ಸೂಜಿಯ ಚಪ್ಪಟೆ ಮೈ ಕೊಕ್ಕೆಯ ಕಡೆಗೇ ಇರಬೇಕು, ನಾನು ಸ್ವಲ್ಪ ಓರೆಯಾಗಿ ಸಿಕ್ಕಿಸಿದ್ದೆ. ಎಲ್ಲಕ್ಕಿಂತ ದೊಡ್ಡ ತಪ್ಪು, ಪಾದ ಬಿಚ್ಚಿದ್ದೇನೆಂದು ಅದರ ಹಿಡಿಕೆಯನ್ನು ಇಳಿಸುವುದನ್ನೇ ಬಿಟ್ಟಿದ್ದೆ. ಪಾದ ಇರಲಿ ಬಿಡಲಿ, ಹಿಡಿಕೆ ಇಳಿಸದಿದ್ದರೆ ಮೇಲಿನ ದಾರಕ್ಕೆ ಬಿಗಿ ಬರುವುದಿಲ್ಲ, ಕೆಳಗೆ ಗೂಡು ಕಟ್ಟುವುದು ಆಗಲೇ.

“ಹಿಡಕಿ ಇಳಸೂದ ಮರೀಬ್ಯಾಡ್ರಿ, ಅಕ್ಕಾರ,” ಎಂದ ಹೋಗುವಾಗ.

ಅಕ್ಕಾರ. ಗಿರಾಕಿಯಾದ ಹೆಣ್ಣುಮಗಳನ್ನು ಹುಬ್ಬಳ್ಳಿಯಲ್ಲಿ ಎಲ್ಲ ಅಂಗಡಿಯವರೂ ಹಾಗೆಯೇ ಕರೆಯುತ್ತಾರೆ, ನನಗೂ ಗೊತ್ತು. ಆದರೂ ನನಗಿಂತ ಐದಾರು ವರ್ಷ ದೊಡ್ಡವನಾದ ಈ ಮನುಷ್ಯ ಆ ಎರಡನೇ ನೋಟ ನೋಡಿದ ಮೇಲೂ ಅಕ್ಕಾರ ಎಂದದ್ದು ನನಗೆ ಚುಚ್ಚಿತು.

ಹದಿನಾಲ್ಕನೇ ನಂಬರು ಹಾಕಿ ಹೋಗಿದ್ದ. ಒಂದು ವಾರ ನಡೆಯಿತು, ಆಮೇಲೆ ಮತ್ತೆ ಹೊಲಿಗೆ ಬಿಡಲು ಶುರು. ಅಣ್ಣ ಮತ್ತೆ ಹೇಳಿಕಳಿಸಿದ. ಗಿರಿಯಪ್ಪ ಬಂದು, ಸೀರೆಗೆ ಹಾಕಿದ ಹಳೆಯ ಗಂಜಿ ಸೂಜಿಯ ಮೊನೆಯನ್ನು ತಿಂದಿದೆ, ಸೂಜಿಯನ್ನು ಮುರಿಯುವ ತನಕ ಕಾಯಬಾರದು, ಮೊಂಡಾದ ಕೂಡಲೇ ಬದಲಿಸಬೇಕು ಎಂದ. ಮೊಂಡಾಯಿತೆಂದು ಗೊತ್ತಾಗುವುದು ಹೇಗೆ ಎಂದು ಕೇಳಿದೆ. ಕೇಳುವಾಗ ನನ್ನ ದನಿಯಲ್ಲಿ ಜಗಳವಿತ್ತು.

“ಉಗುರ ತೋರಸ್ರಿ,” ಎಂದ.

ಹೆಬ್ಬೆರಳು ಮುಂದೆ ಚಾಚಿದೆ. ಅದನ್ನು ತನ್ನ ಎರಡು ಬೆರಳುಗಳ ನಡುವೆ ಹಿಡಿದು ಹಳೆಯ ಸೂಜಿಯ ಮೊನೆಯನ್ನು ಉಗುರಿನ ಮೇಲೆ ಎಳೆದ. ಮಡಚಿದ ಮೊನೆ ಕೆರೆದು ಬಿಳಿಯ ಗೀರು ಮೂಡಿತು. ಆಮೇಲೆ ಹೊಸ ಸೂಜಿ ಎಳೆದ. ಏನೂ ಮೂಡಲಿಲ್ಲ, ನುಣ್ಣಗೆ ಜಾರಿತು. ಪಾಠ ಅಲ್ಲಿಗೆ ಮುಗಿದಿತ್ತು. ಅವನು ಬೆರಳು ಬಿಡಲಿಲ್ಲ. ನಾನೂ ಎಳೆದುಕೊಳ್ಳಲಿಲ್ಲ. ಅವನ ಕೈಗೆ ಮಷಿನ್ ಎಣ್ಣೆಯ ವಾಸನೆ ಇತ್ತು, ಅಂಗಿಯ ಜೇಬಿನ ಮೇಲೆ ಒಂದು ಸಣ್ಣ ತೂತನ್ನು ತಾನೇ ಹೊಲಿದುಕೊಂಡಿದ್ದ, ಬಹಳ ಸಣ್ಣ ಹೊಲಿಗೆ. ಅಡುಗೆಮನೆಯಲ್ಲಿ ಆಯಿಯ ಬಳೆಯ ಸಪ್ಪಳ ನಿಂತುಹೋಗಿತ್ತು. ಈಗ ಏನಾದರೂ ಹೇಳುತ್ತಾನೆ ಎಂದು ನಾನು ಉಸಿರು ಹಿಡಿದು ಕುಳಿತೆ.

“ಇಲ್ಲಿಂದ ಮುಂದ ಹದಿನಾರನೇ ನಂಬರ್ ಹಾಕ್ರಿ,” ಎಂದ.

ಇದು ಆ ಮನುಷ್ಯನ ರೀತಿ. ಕಣ್ಣಿನಲ್ಲಿ ಒಂದು, ಬಾಯಲ್ಲಿ ಸೂಜಿ. ಬುಧವಾರ ಬರುತ್ತಿದ್ದ, ಶನಿವಾರ ಬರುತ್ತಿದ್ದ. ಸೂಜಿಯನ್ನು ಬೆಳಕಿಗೆ ಹಿಡಿದು ಅದರ ಕಣ್ಣಿನೊಳಗಿಂದ ಆಚೆ ಕುಳಿತ ನನ್ನನ್ನು ನೋಡುತ್ತಿದ್ದ. ನಾನು ನೋಡಿದೆನೆಂದು ಗೊತ್ತಾದ ಕೂಡಲೇ ದಾರ ಪೋಣಿಸುತ್ತಿದ್ದ. ಒಂದು ದಿನ ಇಡೀ ಮಷಿನ್ನನ್ನು ಬಿಚ್ಚಿ ಹಳೆಯ ಪೇಪರಿನ ಮೇಲೆ ಹರವಿಕೊಂಡು ಮಧ್ಯಾಹ್ನವೆಲ್ಲ ಕುಳಿತ. ನಾನು ಎದುರಿಗೆ ಕುಳಿತು ಒಂದೊಂದೇ ತುಣುಕನ್ನು ಒರೆಸಿ ಕೊಟ್ಟೆ. ಸುಮಾರು ಮೂರು ತಾಸಿನಲ್ಲಿ ಅವನು ಆಡಿದ ಮಾತೆಂದರೆ, ಕೈಯೂ ಕಾಲೂ ಒಂದೇ ಓಟದಲ್ಲಿ ಇರಬೇಕು, ಕಾಲು ನಿಧಾನವಿದ್ದಾಗ ಕೈ ಜಗ್ಗಿದರೆ ಸೂಜಿ ಬಾಗಿ ತಗಡಿಗೆ ಬಡಿಯುತ್ತದೆ ಎಂಬುದು. ನಾನು ಎಷ್ಟು ಕೆಣಕಿದರೂ ಅಷ್ಟೇ. ನಿಮ್ಮ ಹೆಂಡತಿ ಪುಣ್ಯವಂತೆ, ಅವಳ ಮಷಿನ್ ಎಂದೂ ಕೆಡುವುದಿಲ್ಲ ಎಂದೆ. ಇನ್ನೂ ಮದುವೆಯಾಗಿಲ್ಲ ಎಂದ, ಸ್ಕ್ರೂ ಬಿಗಿದ.

ಫೆಬ್ರುವರಿ ಮುಗಿಯುವಷ್ಟರಲ್ಲಿ ಒಂದು ಬದಲಾವಣೆ ಆಗಿತ್ತು. ಅವನ ಮಾತಿನ ಕೊನೆಯ ‘ಅಕ್ಕಾರ’ ಎಲ್ಲಿಯೋ ಉದುರಿಹೋಗಿತ್ತು. ಬರೀ ‘ಹೇಳ್ರಿ’, ‘ನೋಡ್ರಿ’, ‘ಕೊಡ್ರಿ’. ಅದರ ಜಾಗದಲ್ಲಿ ಬೇರೆ ಯಾವ ಹೆಸರೂ ಬರಲಿಲ್ಲ. ಅಷ್ಟಕ್ಕೇ ನಾನು ಒಂದು ವಾರ ಹಿಗ್ಗಿದೆ. ಆಮೇಲೆ ಮತ್ತೆ ಸಿಟ್ಟು ಬಂತು, ಯಾಕೆಂದರೆ ಪ್ರತಿಸಲ ಹೊರಡುವಾಗ ಅವನು ತಪ್ಪದೆ ಹೇಳುವ ಇನ್ನೊಂದು ಮಾತಿತ್ತು. ಲಗೂ ಮುಗಿಸಿರಿ, ಮದುವೆಯ ಕೌದಿ ಅಂತ ನಿಮ್ಮ ಅಣ್ಣ ಹೇಳಿದ್ದಾರೆ. ಹೇಳುವಾಗ ನನ್ನ ಕಡೆ ನೋಡುತ್ತಿರಲಿಲ್ಲ. ಚೀಲದ ಬಕಲು ಹಾಕುವುದರಲ್ಲಿ ಮುಳುಗಿರುತ್ತಿದ್ದ.

ನನ್ನ ಪರಿಸ್ಥಿತಿಯನ್ನು ನೀವೇ ನೋಡಿ. ಕೌದಿ ಮುಗಿದರೆ ನಾನು ಗರಗಕ್ಕೆ. ಮುಗಿಯುವ ಮೊದಲು ಈ ಮನುಷ್ಯ ಬಾಯಿ ಬಿಟ್ಟರೆ ಮಾತ್ರ ನನಗೆ ಉಳಿಗಾಲ. ಅವನೋ, ನನ್ನ ಕೌದಿ ಬೇಗ ಮುಗಿಯಲೆಂದು ಹಗಲಿಡೀ ದುಡಿಯುತ್ತಿದ್ದ. ಹೆಣ್ಣಾದವಳು ತಾನಾಗಿ ಹೇಗೆ ಹೇಳುವುದು ಎಂದು ನಾನು ಬಾಯಿ ಕಟ್ಟಿಕೊಂಡು ಕುಳಿತಿದ್ದೆ. ಬೇರೆ ಎಲ್ಲ ವಿಷಯಕ್ಕೂ ಬಾಯಿ ಇದ್ದ ನನಗೆ ಇದೊಂದಕ್ಕೆ ಇರಲಿಲ್ಲ.

ಮಾರ್ಚ್ ಹೊತ್ತಿಗೆ ಹೊಲಿಗೆ ಬಿಡುವುದು ನಿಂತಿತು. ನನ್ನ ಕೈ ಪಳಗಿತ್ತು, ಸೂಜಿಯ ಹತ್ತಿರ ಬಟ್ಟೆಯನ್ನು ಬೆರಳಿನಿಂದ ಒತ್ತಿ ಹಿಡಿಯುವುದನ್ನು ಕಲಿತಿದ್ದೆ. ಬಳ್ಳಿ ನಡುವಿನಿಂದ ಹೊರಟು ಅಂಚಿನ ಕಡೆ ಹರಿಯತೊಡಗಿತ್ತು. ಆಗ ಸೂಜಿ ಮುರಿಯಲು ಶುರುವಾಯಿತು. ನಡುವೆ ಎಲ್ಲ ಸರಿ, ಮೂಲೆಗೆ ಹೋದರೆ ಪಟ್. ಹದಿನಾರು ಮುರಿಯಿತು. ಗಿರಿಯಪ್ಪ ಹದಿನೆಂಟು ತಂದ, ಗೋಣಿ ಹೊಲಿಯಲೂ ಆಗುವಂಥ ದಪ್ಪ ಸೂಜಿ. ಅದೂ ಮುರಿಯಿತು. ತಗಡಿನ ತೂತನ್ನು ಉಜ್ಜಿ ನುಣುಪು ಮಾಡಿದ, ಕೊಕ್ಕೆ ಬದಲಿಸಿದ, ದಾರ ಬದಲಿಸಿದ. ಬೇರೆ ಬಟ್ಟೆ ಕೊಟ್ಟರೆ ಮಷಿನ್ ಹಾಡಿಕೊಂಡು ಓಡುತ್ತಿತ್ತು, ಕೌದಿಯ ಮೂಲೆ ಕೊಟ್ಟರೆ ಮುರಿಯುತ್ತಿತ್ತು. ಅವನ ಹಣೆಯ ಮೇಲೆ ಗೆರೆ ಬಿದ್ದವು. ತನ್ನ ಕೈಯಿಂದ ಸರಿಯಾಗದ ಮಷಿನ್ ಇಲ್ಲ ಎಂದು ನಂಬಿದವನು ಅವನು. ಮುರಿದ ಚೂರುಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಅಂಗಡಿಗೆ ಒಯ್ಯುತ್ತಿದ್ದ. ನಾನು ಅವನ ಮೇಲೆ ರೇಗಿದೆ, ನಿಮಗೆ ಕೆಲಸ ಬರುವುದಿಲ್ಲ ಎಂದುಬಿಟ್ಟೆ. ಅವನು ಬಗ್ಗಿ ನೆಲಕ್ಕೆ ಬಿದ್ದ ಚೂರನ್ನು ಆರಿಸಿಕೊಂಡ. ಬೈದ ಮೇಲೆ ನಾನು ಹಿತ್ತಲಿಗೆ ಹೋಗಿ ಅತ್ತೆ.

ಮುಂದಿನ ಬುಧವಾರ ಬಂದವನು ಮಷಿನ್ನಿನ ಕಡೆ ನೋಡಲೇ ಇಲ್ಲ. ಸೂಜಿಗಳ ಮೊನೆಗಳೆಲ್ಲ ಗಟ್ಟಿಯಾದ ಏನಕ್ಕೋ ಬಡಿದು ಮಡಚಿವೆ, ಬಟ್ಟೆ ಹಾಗೆ ಮಡಚುವುದಿಲ್ಲ ಎಂದು ಹೇಳಿ, ಕೌದಿಯ ಮೂಲೆಯನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಒತ್ತುತ್ತ ಹೋದ. ಒಂದು ಕಡೆ ಬೆರಳು ನಿಂತಿತು. ಪದರ ಸರಿಯದಿರಲೆಂದು ಆಯಿ ಹಾಕಿದ್ದ ಕಚ್ಚಾ ಹೊಲಿಗೆಯನ್ನು ಎರಡು ಕಡೆ ಕತ್ತರಿಸಿ ಕೊಡವಿದ. ಅವನ ಅಂಗೈಗೆ ಹತ್ತೆಂಟು ಜೋಳದ ಕಾಳು ಉದುರಿದವು.

ನಮ್ಮವರಲ್ಲಿ ಕೌದಿ ಪೂರ್ತಿ ಮುಗಿದ ಮೇಲೆ ಕೊನೆಯ ಮೂಲೆಯಲ್ಲಿ ಒಂದು ಚಿಟಿಕೆ ಜೋಳ ಇಟ್ಟು ಹೊಲಿಯುತ್ತಾರೆ. ಹೆಣ್ಣಿನ ಮಡಿಲಿಗೆ ಅಕ್ಕಿ, ಕಾಯಿ ಹಾಕಿ ಉಡಿ ತುಂಬುವ ಹಾಗೆ ಕೌದಿಗೂ ಉಡಿ ತುಂಬುವುದು ಅದು. ಆದರೆ ಅದು ಎಲ್ಲ ಆದ ಮೇಲೆ, ಒಂದೇ ಮೂಲೆಗೆ, ಕೈಸೂಜಿಯಿಂದ. ಅರ್ಧ ಹೊಲಿದ ಕೌದಿಯ ನಾಲ್ಕೂ ಮೂಲೆಗೆ ಯಾರೂ ತುಂಬುವುದಿಲ್ಲ. ಅವನ ತಾಯಿಯೂ ಕೌದಿ ಹೊಲಿದವಳೇ, ಅವನಿಗೂ ಇದು ಗೊತ್ತು.

ಗಿರಿಯಪ್ಪ ಕಾಳುಗಳನ್ನು ನೋಡಿದ. ನಿಧಾನವಾಗಿ ಅವನ ಮುಖ ಅರಳಿತು. ಆ ಎರಡೂವರೆ ತಿಂಗಳಲ್ಲಿ ಅವನ ಹಲ್ಲು ನನಗೆ ಕಂಡದ್ದು ಅದೇ ಮೊದಲು. ತಲೆ ಎತ್ತಿ, ಕಣ್ಣು ತಪ್ಪಿಸದೆ, ಬಹಳ ಮೆತ್ತಗೆ ಕೇಳಿದ:

“ಇವನ್ನ ನೀವ ಇಟ್ಟಿದ್ದೇನ್ರಿ?”

ನಾನು ಎಂಥ ಮೂರ್ಖಳೆಂದರೆ, ನನಗೆ ಆ ಕ್ಷಣ ಕಂಡದ್ದು ಮುರಿದ ಸೂಜಿಗಳು ಮಾತ್ರ.

“ನನಗೇನ ಹುಚ್ಚ ಹಿಡದೈತೇನ್ರಿ?” ಎಂದೆ. “ಈ ಕೌದಿ ಒಮ್ಮೆ ಮುಗದರ ಸಾಕಾಗೇತಿ ನನಗ.”

ಅವನ ಮುಖ ಇಳಿದುಹೋಯಿತು. ಕಾಳುಗಳನ್ನು ಮಷಿನ್ನಿನ ಹಲಗೆಯ ಮೇಲೆ ಇಟ್ಟ. ಉಳಿದ ಮೂಲೆಗಳನ್ನೂ ಬಿಚ್ಚಿ, ಕೊಡವಿ, ಹೊಸ ಹದಿನೆಂಟನೇ ನಂಬರಿನ ಸೂಜಿ ಸಿಕ್ಕಿಸಿ, ಹಿಡಿಕೆ ಇಳಿಸಿ, ಒಂದು ಗೇಣು ಹೊಲಿದು ತೋರಿಸಿದ. ಚೀಲ ಮುಚ್ಚಿದ.

“ಇನ್ನ ಲಗೂ ಮುಗೀತೈತಿ, ಅಕ್ಕಾರ,” ಎಂದ. “ನಾ ಬರೂ ಕಾರಣ ಇಲ್ಲ.”

ಅವನು ಹೋದ ಮೇಲೆ ಮಷಿನ್ ಎಷ್ಟು ಚೆನ್ನಾಗಿ ನಡೆಯಿತೆಂದರೆ ಅದನ್ನು ಎತ್ತಿ ಬಾವಿಗೆ ಹಾಕಬೇಕೆನಿಸಿತು. ಒಂದು ಹೊಲಿಗೆ ಬಿಟ್ಟಿತಾ? ಇಲ್ಲ. ದಾರ ಹರಿಯಿತಾ? ಇಲ್ಲ. ಬುಧವಾರ ಬಂತು, ಶನಿವಾರ ಬಂತು, ಏನೂ ಕೆಡಲಿಲ್ಲ. ಬಳ್ಳಿ ಮೂಲೆಯಿಂದ ಮೂಲೆಗೆ ಸರಾಗವಾಗಿ ಹರಿಯಿತು, ಪ್ರತಿ ಗೇಣಿಗೂ ಗರಗ ಹತ್ತಿರ ಬಂತು. ಎರಡನೇ ಶನಿವಾರ ಎಲೆಯೊಂದನ್ನು ತಿರುಗಿಸುತ್ತಿದ್ದಾಗ ನನ್ನ ಕಾಲು ಇದ್ದಕ್ಕಿದ್ದಂತೆ ನಿಂತಿತು. ನೀವೇ ಇಟ್ಟದ್ದೇ ಎಂದು ಅವನು ಕೇಳಿದ್ದರಲ್ಲಿ ದೂರು ಇರಲಿಲ್ಲ. ಆಸೆ ಇತ್ತು. ಮದುವೆಯ ಕೌದಿ ಮುಗಿಯದಿರಲೆಂದು ಹುಡುಗಿಯೇ ಕಾಳು ಇಟ್ಟಿರಬೇಕು ಎಂದು ತಿಳಿದು ಆ ಮನುಷ್ಯ ನಕ್ಕಿದ್ದ. ನಾನು ಬೇಗ ಮುಗಿದರೆ ಸಾಕು ಎಂದು ಅವನ ಬಾಯಿಗೆ ಬೀಗ ಹಾಕಿದ್ದೆ.

ಆಯಿ ಹೊರಗೆ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದಳು. ನಾನು ಹೋಗಿ ಎದುರು ನಿಂತೆ. ಕೇಳುವ ಅಗತ್ಯವೇ ಬೀಳಲಿಲ್ಲ.

“ನೀ ಬಾಯಿ ಬಿಡೂದಿಲ್ಲ, ಅಂವ ಬಾಯಿ ಬಿಡೂದಿಲ್ಲ,” ಎಂದಳು ಮೊರದಿಂದ ಕಣ್ಣೆತ್ತದೆ. “ಸೂಜೀನರೆ ಮುರೀಲಿ ಅಂತ ಇಟ್ಟೆ. ಮುರದಾಗೊಮ್ಮೆ ಅಂವ ಬರತಿದ್ದ, ಇಲ್ಲೋ?”

ಮೊದಲೇ ಹೇಳಬಾರದಿತ್ತೇ ಎಂದು ಕೂಗಾಡಿದೆ. ಹೇಳಿದ್ದರೆ ನೀನು ಹೋಗಿ ಅವನ ಎದುರಿಗೇ ಕೂಗಾಡುತ್ತಿದ್ದೆ ಎಂದಳು. ಅದು ಖರೆಯೇ. ಆದರೆ ಗರಗದವರನ್ನು ಬೇಡ ಎಂದು ಅಣ್ಣನಿಗೆ ನೀನೇ ಹೇಳು ಎಂದರೆ ಆಯಿ ಒಪ್ಪಲಿಲ್ಲ. ಬೇರೆಯವನು ಹೆಣ್ಣು ಕೇಳುತ್ತಾನೆಂದು ಖಾತ್ರಿಯಿಲ್ಲದೆ ಬಂದ ಸಂಬಂಧವನ್ನು ಬೇಡ ಎನ್ನುವುದು ಹೇಗೆ, ಆ ರಿಪೇರಿಯವನು ಇಷ್ಟು ದಿನ ಒಂದು ಮಾತಾದರೂ ಆಡಿದ್ದಾನೆಯೇ ಎಂದು ಕೇಳಿದಳು. ನಾನು ಒಳಗೆ ಹೋಗಿ ಮತ್ತೆ ಮಷಿನ್ ತುಳಿದೆ.

ನಾಚಿಕೆಯಿಂದಲೋ ಸೊಕ್ಕಿನಿಂದಲೋ ಇನ್ನೂ ಐದು ದಿನ ಸುಮ್ಮನಿದ್ದೆ. ಅವನು ಬರಲಿ ಎಂದು ಕಾದೆ. ಒಮ್ಮೆ ಮಷಿನ್ನಿನ ಬೆಲ್ಟನ್ನು ಕತ್ತರಿಸಿಬಿಡಲೇ ಎಂದು ಕತ್ತರಿ ಹಿಡಿದವಳು ಹಾಗೇ ಇಟ್ಟೆ. ಅವನು ಬಂದು ಬೆಲ್ಟು ಹಾಕಿ ಹೋಗುತ್ತಾನೆ, ಅಷ್ಟೇ. ಗುರುವಾರ ಕೌದಿ ಮುಗಿಯಿತು. ಅಣ್ಣ ಅದನ್ನು ಅಂಗಳದ ಹಗ್ಗದ ಮೇಲೆ ಹರವಿ, ಹಿಂದೆ ಮುಂದೆ ತಿರುಗಾಡಿ ನೋಡಿ, ಭಾನುವಾರ ತಾನೇ ಗರಗಕ್ಕೆ ಹೋಗಿ ಮಾತು ಪಕ್ಕಾ ಮಾಡಿ ಬರುತ್ತೇನೆ ಎಂದ. ನವಲಗುಂದಕ್ಕೆ ಪತ್ರ ಬರೆಯುವ ಅವಸರ ಅವನ ಮುಖದ ಮೇಲೆಯೇ ಇತ್ತು. ಪಾಪ, ಅವನ ಮೇಲೆ ಸಿಟ್ಟಾಗುವಂತೆಯೂ ಇರಲಿಲ್ಲ.

ಶನಿವಾರ ಬೆಳಿಗ್ಗೆ ಅಣ್ಣ ಕಚೇರಿಗೆ ಹೋದ ಕೂಡಲೇ ನಾನು ಚಪ್ಪಲಿ ಮೆಟ್ಟಿ ಹೊರಟೆ. ಆಯಿ ಎಲ್ಲಿಗೆ ಎಂದು ಕೇಳಲಿಲ್ಲ. ಬೆಂಗೇರಿಯಿಂದ ದುರ್ಗದಬೈಲಿನ ತನಕ ಬಿಸಿಲಿನಲ್ಲಿ ನಡೆಯುತ್ತ ಏನು ಹೇಳಬೇಕೆಂದು ಹತ್ತು ಸಲ ಜೋಡಿಸಿಕೊಂಡೆ. ಅಂಗಡಿ ಮುಟ್ಟುವಷ್ಟರಲ್ಲಿ ಒಂದು ಮಾತೂ ಉಳಿದಿರಲಿಲ್ಲ. ಸಣ್ಣ ಅಂಗಡಿ, ಗೋಡೆಯ ತುಂಬ ಬೆಲ್ಟು, ಚಕ್ರ. ಮಾಬೂಬಿ ಎಂಬ ವಯಸ್ಸಾದ ದರ್ಜಿ ಹೆಂಗಸು ತನ್ನ ಮಷಿನ್ ಸರಿಯಾಗುವುದನ್ನು ಕಾಯುತ್ತ ಸ್ಟೂಲಿನ ಮೇಲೆ ಕುಳಿತಿದ್ದಳು. ಗಿರಿಯಪ್ಪ ನನ್ನನ್ನು ನೋಡಿ ಎದ್ದುನಿಂತ. ಅವನ ಗಡ್ಡ ಎರಡು ದಿನದ್ದು, ಅಂಗಿಗೆ ಇಸ್ತ್ರಿ ಇರಲಿಲ್ಲ.

ಮತ್ತೆ ಕೆಟ್ಟಿತೇ ಎಂದು ಕೇಳಿದ. ಕೆಟ್ಟಿಲ್ಲ, ಗುರುವಾರ ಮುಗಿಯಿತು ಎಂದೆ. ಛಲೋ ಆಯಿತು ಎಂದ. ಅವನ ಆ ಛಲೋ ಕೇಳಿ ನನಗೆ ತಡೆಯಲಾಗಲಿಲ್ಲ.

“ಆ ಜ್ವಾಳ ನಾ ಇಟ್ಟಿದ್ದಲ್ಲ,” ಎಂದೆ. “ನಮ್ಮ ಆಯಿ ಇಟ್ಟಿದ್ದು. ಆದರ ಕಾಳಿಟ್ಟರ ನೀವು ಬರತೀರಿ ಅಂತ ನನಗ ತಿಳದಿದ್ದರ, ನಾಕ ಮೂಲಿಗಲ್ಲ, ಇಡೀ ಕೌದೀಗೆ ನಾನ ಇಡತಿದ್ದೆ.”

ದನಿ ಜೋರಾಗಿಯೇ ಬಂತು. ಓಣಿಯಲ್ಲಿ ಹೋಗುತ್ತಿದ್ದವನೊಬ್ಬ ತಿರುಗಿ ನೋಡಿದ. ಗಿರಿಯಪ್ಪ ಕೈಯಲ್ಲಿದ್ದ ಎಣ್ಣೆಯ ಕುಪ್ಪಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಒಂದು ಸಲ ಮೇಜಿನ ಮೇಲೆ, ಒಂದು ಸಲ ಕಪಾಟಿನಲ್ಲಿ ಇಟ್ಟು, ಕೊನೆಗೆ ಕೈಯಲ್ಲೇ ಹಿಡಿದುಕೊಂಡ. ಅವನ ಕಿವಿ ಕೆಂಪಾಯಿತು. ಸೂಜಿಯ ಮಾತು ಬಂದರೆ ಇಲ್ಲಿಯೇ ಹೊಡೆದುಬಿಡುತ್ತೇನೆ ಎಂದುಕೊಂಡೆ.

“ಒಂದ ದಿನಾ ಇಡೀ ಮಷಿನ್ ಬಿಚ್ಚಿದ್ದೆ, ನೆನಪೈತೇನ್ರಿ?” ಎಂದ.

“ಐತಿ.”

“ಅವತ್ತ ಅದಕ್ಕೇನೂ ಆಗಿರಲಿಲ್ರಿ. ನೀವು ಎದುರಿಗೆ ಕೂಡತೀರಿ ಅಂತ ಬಿಚ್ಚಿದ್ದೆ.” ಕುಪ್ಪಿಯ ಮುಚ್ಚಳ ತಿರುವುತ್ತ ಹೇಳಿದ: “ಮದುವಿ ಕೌದಿ ಅಂದ್ರು ನಿಮ್ಮಣ್ಣಾರು. ಇನ್ನೊಬ್ಬರಿಗೆ ಗೊತ್ತ ಮಾಡಿದ ಹುಡುಗೀಗೆ ನಾ ಏನ ಹೇಳಲಿ? ಹೊಲಿಗಿ ಬಿಡಬಾರದು, ಅಷ್ಟರೆ ನೋಡಿಕೊಳ್ಳೂಣು ಅನಕೊಂಡೆ.”

ಆ ಮಾತಿಗೆ ನನಗೆ ಅಳು ಬಂತು. ಆ ಮೂರು ತಿಂಗಳ ಸಿಟ್ಟೆಲ್ಲ ಸೇರಿ ಬಂದ ಅಳು ಅದು, ಚಂದದ ಅಳುವಲ್ಲ. ಗೊತ್ತುಮಾಡಿಲ್ಲ, ಇನ್ನೂ ಯಾರಿಗೂ ಗೊತ್ತುಮಾಡಿಲ್ಲ, ನಾಳೆ ಭಾನುವಾರ ಅಣ್ಣ ಹೋಗಿ ಗೊತ್ತುಮಾಡುತ್ತಾನೆ ಎಂದು ಅಳುತ್ತಲೇ ಬೈದೆ. ಗಿರಿಯಪ್ಪ ಗಾಬರಿಯಾಗಿ ಮಾಬೂಬಿಯ ಕಡೆ ನೋಡಿದ. ಅವಳು ಸ್ಟೂಲಿನಿಂದ ಎದ್ದು ಸೆರಗು ಸರಿಮಾಡಿಕೊಂಡಳು.

“ಏ ಗಿರಿಯಪ್ಪ, ಅಂಗಡಿ ಮುಚ್ಚು,” ಎಂದಳು. “ನನ್ನ ಮಷಿನ್ ಸೋಮವಾರ ಆದರೂ ನಡೀತೈತಿ.”

ಬೆಂಗೇರಿಯ ದಾರಿಯುದ್ದಕ್ಕೂ ಅವನು ನನ್ನಿಂದ ನಾಲ್ಕು ಹೆಜ್ಜೆ ಮುಂದೆ ನಡೆದ, ಆಗಾಗ ನಿಂತು ಹಿಂದೆ ನೋಡಿದ, ನಾನು ಇದ್ದೇನೆಂದು ಖಾತ್ರಿಯಾದ ಮೇಲೆ ಮತ್ತೆ ನಡೆದ. ಪ್ರತಿಸಲ ಹಿಂದೆ ನೋಡಿದಾಗಲೂ ಮೊದಲ ದಿನ ನೋಡಿದಂತೆಯೇ ನೋಡಿದ, ಆದರೆ ಈ ಸಲ ಗೋಡೆಯ ಕಡೆ ತಿರುಗಲಿಲ್ಲ. ಆದರೂ ನನ್ನೆದುರು ಅಂದದ್ದನ್ನು ಅಣ್ಣನೆದುರು ಅನ್ನುತ್ತಾನೋ ಇಲ್ಲವೋ, ಬಾಗಿಲಿಗೆ ಹೋಗಿ ಮಷಿನ್ನಿಗೆ ಎಣ್ಣೆ ಹಾಕಿ ತಿರುಗಿ ಬರುವ ಪೈಕಿಯವನು ಇವನು ಎಂದು ನನಗೆ ಅನುಮಾನ.

ಶನಿವಾರದ ಅರ್ಧ ದಿನದ ಕಚೇರಿ ಮುಗಿಸಿ ಅಣ್ಣ ಆಗಲೇ ಮನೆಗೆ ಬಂದಿದ್ದ. ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದವನು ಗಿರಿಯಪ್ಪನನ್ನು ನೋಡಿದ ಕೂಡಲೇ ಹಣೆ ಚಚ್ಚಿಕೊಂಡ.

“ಮತ್ತ ಏನ ಕೆಟ್ಟಿತೋ ಮಾರಾಯಾ?”

“ಏನೂ ಕೆಟ್ಟಿಲ್ರಿ,” ಎಂದ ಗಿರಿಯಪ್ಪ. ಚಪ್ಪಲಿ ಬಿಟ್ಟ, ನೆಟ್ಟಗೆ ನಿಂತ. “ಹೆಣ್ಣ ಕೇಳಾಕ ಬಂದೇನ್ರಿ.”

ಅಣ್ಣನ ಕೈಯ ಚಹಾ ತುಳುಕಿ ಧೋತರದ ಮೇಲೆ ಚೆಲ್ಲಿತು. ಅವನು ಒರೆಸಿಕೊಳ್ಳಲಿಲ್ಲ. ಗಿರಿಯಪ್ಪನನ್ನು ನೋಡಿದ, ಒಳಬಾಗಿಲಿಗೆ ಬಂದು ನಿಂತ ಆಯಿಯನ್ನು ನೋಡಿದ, ಅತ್ತು ಕೆಂಪಾದ ನನ್ನ ಮುಖ ನೋಡಿದ. ಅಂವ ಹೇಳುವುದು ನಿನಗೆ ಒಪ್ಪಿಗೆಯೇ, ನಿನ್ನ ಬಾಯಿಂದ ಕೇಳಬೇಕು ಎಂದ.

ಹೂಂ ಎಂದೆ. ತುಟಿಯಿಂದ ಗಾಳಿಯಷ್ಟೇ ಹೊರಬಂದಿರಬೇಕು. ಕೇಳಿಸಲಿಲ್ಲ ಎಂದ ಅಣ್ಣ. ಆಗ ಓಣಿಯ ಕೊನೆಯ ಮನೆಯವರಿಗೂ ಕೇಳಿಸುವ ಹಾಗೆ ಇನ್ನೊಮ್ಮೆ ಹೇಳಿದೆ.